ಎಕ್ಸ್‌ಚೇಂಜಿನ ಕಿವಿ ಕೇಳಿದ್ದು

ನನ್ನೆದುರು ಯಾರಾದರೂ ಗಾಳಿ, ದೆವ್ವ, ಸತ್ತವರ ದನಿ ಎಂದು ಶುರು ಹಚ್ಚಿದರೆ ನಾನು ಚಹಾ ತರುತ್ತೇನೆಂದು ಎದ್ದು ಹೋಗಿಬಿಡುತ್ತಿದ್ದೆ. ವಾದ ಮಾಡುವಷ್ಟು ಮರ್ಯಾದೆಯನ್ನೂ ಆ ಮಾತಿಗೆ ಕೊಡುತ್ತಿರಲಿಲ್ಲ. ನಮ್ಮದು ಬಾಗಲಕೋಟೆಯಲ್ಲಿ ಬಸವಣ್ಣನನ್ನು ನಂಬಿಕೊಂಡು ಬಂದ ಮನೆ. ಯಾರಾದರೂ ತೋಳಿಗೆ ತಾಯತ ಕಟ್ಟಿಕೊಂಡು ಬಂದರೆ ನಮ್ಮಪ್ಪ, “ಇದನ್ನ ಕಟ್ಟಿದಾಂವಾ ತಾ ಯಾರ ಕಡಿಂದ ಕಟ್ಟಿಸಿಕೊಂಡಾನ, ಕೇಳಿಕೊಂಡು ಬರ್ರಿ” ಎಂದು ಕಾಡುತ್ತಿದ್ದ. ಆ ಗುಣ ನನಗೂ ಇಳಿದಿದೆ. ಮೇಲಾಗಿ ನನ್ನ ಕಸುಬು ಟೆಲಿಫೋನಿನದು. ತಂತಿಯೊಳಗೆ ವಿಚಿತ್ರ ದನಿ ಕೇಳಿತೆಂದು ಯಾರಾದರೂ ಹೇಳಿದರೆ ನಾನು ಸ್ಕ್ರೂಡ್ರೈವರ್ ಹಿಡಿದು ಸಡಿಲಾದ ಸ್ಕ್ರೂ ಹುಡುಕುವವನು. ಬಹಳ ಸಲ ಸಿಕ್ಕಿದೆ ಕೂಡ.

ಆದ್ದರಿಂದ ಈಗ ಹೇಳಹೊರಟಿರುವುದನ್ನು ಓದುತ್ತ ನೀವೂ ಎದ್ದು ಚಹಾಕ್ಕೆ ಹೋದರೆ ನನಗೆ ಸಿಟ್ಟಿಲ್ಲ. ಕಂಡದ್ದನ್ನು ಕಂಡಹಾಗೆ ಹೇಳುತ್ತೇನೆ. ಹಚ್ಚಿ ಹೇಳುವ ಅಭ್ಯಾಸ ನನಗಿಲ್ಲ, ಹಚ್ಚಿ ಹೇಳಲು ಬಂದಿದ್ದರೆ ಬೇರೆ ಕಸುಬು ಹಿಡಿಯುತ್ತಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಇಳಕಲ್ಲಿನ ಒಂದು ಗ್ರಾನೈಟ್ ಕಂಪನಿಗೆ ಹೊಸ ಟೆಲಿಫೋನ್ ಎಕ್ಸ್‌ಚೇಂಜ್ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕಂಪನಿಯ ಹೆಸರು ಇಲ್ಲಿ ಬೇಡ. ಮುಖ್ಯ ಆಫೀಸು ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ, ಕಲ್ಲಿನ ಕ್ವಾರಿ ಊರ ಹೊರಗೆ ಗುಡ್ಡದ ಮಗ್ಗುಲಿಗೆ. ಬಾಗಲಕೋಟೆ, ಬಾದಾಮಿ, ಹುನಗುಂದದಲ್ಲಿ ಒಂದೊಂದು ಶಾಖೆ. ಇಳಕಲ್ಲಿಗೆ ದೊಡ್ಡ ಪೆಟ್ಟಿಗೆ, ಶಾಖೆಗಳಿಗೆ ಸಣ್ಣ ಪೆಟ್ಟಿಗೆ. ನಾನು ಹತಾರದ ಚೀಲ ಹೆಗಲಿಗೇರಿಸಿ ಕೆಂಪು ಬಸ್ಸುಗಳಲ್ಲಿ ಈ ನಾಲ್ಕೂ ಊರಿಗೆ ಮಗ್ಗದ ಲಾಳಿಯ ಹಾಗೆ ಓಡಾಡುತ್ತಿದ್ದೆ.

ಮುಂದಿನದು ತಿಳಿಯಬೇಕಾದರೆ ಆ ಪೆಟ್ಟಿಗೆಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಬೇಸರ ಮಾಡಿಕೊಳ್ಳಬೇಡಿ.

ಹಳೆಯ ವ್ಯವಸ್ಥೆಯಲ್ಲಿ ಆಫೀಸಿನ ಒಂದು ಕೋಣೆಯಲ್ಲಿ ಬೋರ್ಡಿನ ಮುಂದೆ ಆಪರೇಟರ್ ಕೂತಿರುತ್ತಿದ್ದಳು. ಯಾರಾದರೂ ಫೋನೆತ್ತಿದರೆ ಅವಳೆದುರು ದೀಪ ಹತ್ತುತ್ತಿತ್ತು. ಯಾರು ಬೇಕೆಂದು ಕೇಳಿ, ವೈರಿನ ತುದಿಯನ್ನು ತೂತಿಗೆ ಚುಚ್ಚಿ ಲೈನು ಹಚ್ಚಿಕೊಡುತ್ತಿದ್ದಳು. ಹೊಸ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಇಲ್ಲ. ನೀವು ಫೋನೆತ್ತಿದ ಕೂಡಲೇ ಪೆಟ್ಟಿಗೆಯೊಳಗಿನ ಟೋನ್ ರಿಸೀವರ್ ಎಂಬ ಭಾಗ ನಿಮ್ಮ ಲೈನಿಗೆ ಬಂದು ಕೂಡಿಕೊಳ್ಳುತ್ತದೆ. ಆಗ ನಿಮಗೆ ಗುಂಯ್ ಎನ್ನುವ ಡಯಲ್ ಟೋನ್ ಕೇಳಿಸುತ್ತದೆ. ನೀವು ಗುಂಡಿ ಒತ್ತಿದರೆ ಪ್ರತಿ ಗುಂಡಿಗೂ ಬೇರೆ ಬೇರೆ ನಾದ, ಅದೂ ಎರಡು ಸ್ವರ ಕೂಡಿದ ನಾದ, ತಂತಿಯಲ್ಲಿ ಹೊರಡುತ್ತದೆ. ಆ ನಾದ ಕೇಳಿ ಇದು ಮೂರು, ಇದು ಏಳು ಎಂದು ಗುರುತು ಹಿಡಿಯುವುದೇ ಟೋನ್ ರಿಸೀವರಿನ ಕೆಲಸ. ಎಲ್ಲ ಅಂಕಿ ಸಿಕ್ಕ ಮೇಲೆ ಅದು ನಿಮ್ಮನ್ನು ಬಿಟ್ಟು ಮುಂದಿನವರ ಕಡೆ ಹೋಗುತ್ತದೆ. ಶಾಖೆಯ ಗುಮಾಸ್ತರಿಗೆ ನಾನು ಅದನ್ನು ಎಕ್ಸ್‌ಚೇಂಜಿನ ಕಿವಿ ಎಂದು ಹೇಳಿಕೊಡುತ್ತಿದ್ದೆ. ಅಂಕಿ ಒತ್ತುವಷ್ಟು ಹೊತ್ತು ಮಾತ್ರ ಬೇಕಾದ್ದರಿಂದ ಪ್ರತಿ ಫೋನಿಗೊಂದು ಕಿವಿ ಇರುವುದಿಲ್ಲ. ಇಳಕಲ್ಲಿನ ಪೆಟ್ಟಿಗೆಗೆ ಎರಡು, ಶಾಖೆಗಳಿಗೆ ಒಂದೊಂದು. ಮನುಷ್ಯರ ಮಾತು ಆ ಕಿವಿಗೆ ಮಾತಲ್ಲ, ಬರೀ ಗದ್ದಲ. ಸ್ವಲ್ಪ ಹೊತ್ತು ಕಾದು ಅಂಕಿ ಬರದಿದ್ದರೆ ಅದು ಎಂಗೇಜ್ ಟೋನ್ ಹಾಕಿ ಹೊರಟುಹೋಗುತ್ತದೆ.

ಇದೆಲ್ಲ ಕಾಗದದ ಮೇಲೆ ಚಂದ. ಆದರೆ ಆ ಆಫೀಸಿನ ಮಂದಿಯ ರೂಢಿ ಬೇರೆ. ವರ್ಷಗಟ್ಟಲೆ ಫೋನೆತ್ತಿ, ಆಪರೇಟರ್ ಬರುವವರೆಗೆ ಕಾಯ್ದು, ಸುಖದುಃಖ ಮಾತಾಡಿ, ಆಮೇಲೆ ಯಾರು ಬೇಕೆಂದು ಹೇಳಿ ಅಭ್ಯಾಸ. ಹೊಸ ಫೋನಿನಲ್ಲೂ ಅದನ್ನೇ ಮಾಡಿದರು. ಬಾದಾಮಿಯ ಗುಮಾಸ್ತ ಫೋನೆತ್ತಿ ಡಯಲ್ ಟೋನಿಗೆ “ಶರಣ್ರೀ” ಎಂದು ಕೈ ಮುಗಿಯುವುದನ್ನು ನಾನೇ ಕಂಡಿದ್ದೇನೆ. ಹುನಗುಂದದವರು ಫೋನೆತ್ತಿ ಟೇಬಲ್ಲಿನ ಮೇಲೆ ಅಂಗಾತ ಮಲಗಿಸಿ, ಲೈನು ಹಿಡಿದಿಟ್ಟಿದ್ದೇವೆಂದು ತಿಳಿದು, ಎಲೆ ಅಡಿಕೆಗೆ ಹೋಗುತ್ತಿದ್ದರು. ಇಳಕಲ್ಲಿನಲ್ಲಿ ಇಬ್ಬರು ಹೀಗೆ ಎಂಗೇಜ್ ಟೋನ್ ಬಂದಾಗೆಲ್ಲ ಇಟ್ಟು ಮತ್ತೆ ಎತ್ತುತ್ತ ಕೂತರೆಂದರೆ ಎರಡೂ ಕಿವಿ ಅವರ ಪಾಲಾಗಿ ಉಳಿದ ಆಫೀಸಿಗೆಲ್ಲ ಫೋನು ಸತ್ತುಹೋದ ಹಾಗೆ. ಆಮೇಲೆ ನನಗೆ ಬಯ್ಗುಳ. ಅವರನ್ನು ನಾನು ಕಾಡಿದ್ದೂ ಉಂಟು, ಅವರು ನನ್ನನ್ನು ಕಾಡಿದ್ದೂ ಉಂಟು.

ಅವರೆಲ್ಲ ಹೀಗಾಗಲು ಕಾರಣ ನೀಲಕ್ಕ. ಇಳಕಲ್ಲಿನ ಬೋರ್ಡಿನ ಮುಂದೆ ಕಂಪನಿ ಶುರುವಾದಾಗಿನಿಂದ ಕೂತ ಆಪರೇಟರ್ ಅವಳೇ. ನಾನು ಅವಳನ್ನು ನೋಡಿಲ್ಲ. ನಾನು ಬರುವ ಮೊದಲಿನ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಅವಳ ಜಾಗಕ್ಕೆ ಕೂಡಿಸಿದ ಗುಮಾಸ್ತ ಹುಬ್ಬಳ್ಳಿ ಬೇಡಿದವರಿಗೆ ಹುನಗುಂದ ಹಚ್ಚಿಕೊಟ್ಟು ರಂಪ ಮಾಡಿದ ಮೇಲೆ ಕಂಪನಿಯವರು ಬೇಸತ್ತು ಎಕ್ಸ್‌ಚೇಂಜ್ ತರಿಸಿದ್ದರು. ನೀಲಕ್ಕ ನಂಬರು ಕೇಳುತ್ತಿರಲಿಲ್ಲವಂತೆ, ಮನುಷ್ಯರನ್ನು ಕೇಳುತ್ತಿದ್ದಳಂತೆ. ಸರ್ವೇಯರ್ ಬೇಕು ಎಂದರೆ ಸಾಕು. ಅವರು ಈಗ ಆಫೀಸಿನಲ್ಲಿಲ್ಲ, ಷಡ್ಡಕನ ಮನೆಯಲ್ಲಿ ಊಟಕ್ಕೆ ಕೂತಿರುತ್ತಾರೆ ಎಂದು ಅವಳಿಗೆ ಗೊತ್ತು, ಅಲ್ಲಿಗೇ ಹಚ್ಚುವಳು. ಮ್ಯಾನೇಜರ್ ಮಹಾಂತಪ್ಪನವರು ಈ ಮಾತು ಹೇಳಿ, “ತಮ್ಮಾ, ನಿನ್ನ ಪೆಟ್ಟಿಗಿಗೆ ಇದು ಬರ್ತೈತೇನು?” ಎಂದು ನನ್ನನ್ನು ಕೇಳಿದ್ದರು. “ಬರೂದಿಲ್ರಿ ಸಾಹೇಬ್ರ, ಆದ್ರ ಪೆಟ್ಟಿಗಿಗೆ ಜ್ವರಾ ಬರೂದಿಲ್ಲ” ಎಂದೆ. ಅವರು ನಗಲಿಲ್ಲ. ನಾನೊಬ್ಬನೇ ನಕ್ಕು ಸುಮ್ಮನಾದೆ.

ಕ್ವಾರಿಯ ಶೆಡ್ಡಿನಲ್ಲೂ ಒಂದು ಫೋನಿತ್ತು. ಕಂಪನಿಯದೇ ಕಂಬಗಳ ಮೇಲೆ ಎಳೆದ ತಂತಿ, ನೇರ ಇಳಕಲ್ಲಿನ ಆಫೀಸಿಗೆ ಬರುತ್ತಿತ್ತು. ಅಲ್ಲಿದ್ದ ಹಳೆಯ ಫೋನಿಗೆ ಅಂಕಿಯೇ ಇರಲಿಲ್ಲ. ಎತ್ತಿದರೆ ನೀಲಕ್ಕ, ಅಷ್ಟೆ. ಅದನ್ನು ತೆಗೆದು ಗುಂಡಿಗಳ ಹೊಸ ಫೋನಿಟ್ಟು ಬಂದ ಮರುದಿನವೇ ನಾನು ಹೇಳುತ್ತಿರುವುದು ನಡೆದದ್ದು. ಅದನ್ನು ಬಳಸುವುದು ಹೇಗೆಂದು ಕ್ವಾರಿಯ ಗುಮಾಸ್ತನಿಗೆ ಹೇಳಿಕೊಟ್ಟಿದ್ದೆ. ಆ ದಿವಸ ಅವನು ಕೆಲಸದ ಮೇಲೆ ಊರೊಳಗೆ ಬಂದಿದ್ದ.

ಬೇಸಿಗೆಯ ಮಧ್ಯಾಹ್ನ. ಇಳಕಲ್ಲಿನ ಬಿಸಿಲು ನೀವು ಕಂಡಿರಬೇಕು, ಕಲ್ಲೇ ಬೆವರುತ್ತದೆಯೇನೋ ಅನಿಸುತ್ತದೆ. ಆಫೀಸಿನವರೆಲ್ಲ ಊಟಕ್ಕೆ ಮನೆಗೆ ಹೋಗಿದ್ದರು. ಮಹಾಂತಪ್ಪನವರು ತಮ್ಮ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕೂತಿದ್ದರು. ನಾನು ಬೋರ್ಡಿನ ಕೋಣೆಯಲ್ಲಿ ಹೊಸ ಪೆಟ್ಟಿಗೆಯ ಬಾಗಿಲು ತೆರೆದು, ಯಾರು ಕಿವಿ ಹಿಡಿದಿಟ್ಟು ಕೂರುತ್ತಾರೆ ಎಂದು ಪತ್ತೆ ಹಚ್ಚಲು ಎರಡೂ ಟೋನ್ ರಿಸೀವರುಗಳಿಗೆ ಒಂದು ಪರೀಕ್ಷೆಯ ಡಬ್ಬಿ ಸಿಕ್ಕಿಸಿದ್ದೆ. ಯಾವ ಫೋನು ಎತ್ತಿದರೂ ಅದರಲ್ಲಿ ಆ ಫೋನಿನ ದೀಪ ಹತ್ತುತ್ತದೆ. ರಿಸೀವರು ಯಾವ ಅಂಕಿ ಗುರುತು ಹಿಡಿದರೂ ಆ ಅಂಕಿ ಕೆಂಪಗೆ ಮೂಡುತ್ತದೆ. ಜೊತೆಗೆ ಕಿವಿಗಿಟ್ಟುಕೊಳ್ಳುವ ಒಂದು ಇಯರ್‌ಪೀಸು. ರಿಸೀವರು ಬಿಟ್ಟುಹೋದ ಮೇಲೂ ಆ ಲೈನನ್ನು ಅದರಲ್ಲಿ ಕೇಳಬಹುದು, ಮಾತಾಡಲು ಬರುವುದಿಲ್ಲ.

ಕ್ವಾರಿಯ ದೀಪ ಹತ್ತಿತು.

ಗುಮಾಸ್ತ ಊರೊಳಗಿದ್ದಾನೆ, ಇದ್ಯಾರಪ್ಪ ಎಂದು ಇಯರ್‌ಪೀಸು ಕಿವಿಗಿಟ್ಟೆ. ಡಯಲ್ ಟೋನಿನ ಮೇಲೆ ಒಬ್ಬ ಹೆಂಗಸು ಏದುಸಿರು ಬಿಡುತ್ತ ಕೂಗುತ್ತಿದ್ದಳು.

“ಅಕ್ಕಾರ... ಅಕ್ಕಾರ, ನಾ ಮಾಳವ್ವ ಅದೀನ್ರಿ... ನಮ್ಮನಿಯವ್ರ ಮ್ಯಾಲ ಕಲ್ಲ ಬಿದ್ದೈತ್ರಿ... ಡಾಕ್ಟರ್‌ಗೆ ಹಚ್ಚಿಕೊಡ್ರಿ ಅಕ್ಕಾರ...”

ಮಾಳವ್ವ ಯಾರೆಂಬುದು ನನಗೆ ಆಮೇಲೆ ತಿಳಿಯಿತು. ಕ್ವಾರಿಯಲ್ಲಿ ಕೆಲಸ ಮಾಡುವ ಬೀರಪ್ಪನ ಹೆಂಡತಿ, ಅಲ್ಲಿನ ಆಳುಗಳಿಗೆ ರೊಟ್ಟಿ ಬಡಿದು ಹಾಕುವವಳು. ತವರಿನವರ ಕುರಿ ಕಾಯಲು ಮಲಪ್ರಭೆಯ ದಂಡೆಗೆ ಹೋಗಿ ಹಲವು ತಿಂಗಳ ಮೇಲೆ ಆ ವಾರವಷ್ಟೇ ಮರಳಿದ್ದಳು. ನೀಲಕ್ಕ ಸತ್ತದ್ದು ಅವಳಿಗೆ ಗೊತ್ತಿಲ್ಲ. ಆ ದಿನ ಕಲ್ಲು ಎತ್ತುತ್ತಿದ್ದ ಸರಪಳಿ ಹರಿದು ಬಂಡೆ ಬೀರಪ್ಪನ ತೊಡೆಯ ಮೇಲೆ ಬಿದ್ದಿತ್ತು. ಇದ್ದ ಮೂರು ನಾಲ್ಕು ಮಂದಿ ಹಾರೆಗೋಲು ಹಾಕಿ ಬಂಡೆ ಎತ್ತಿ ಹಿಡಿದು ನಿಂತಿದ್ದರು. ಕೈಬಿಟ್ಟು ಬರುವಂತಿರಲಿಲ್ಲ. ಓಡಿ ಬಂದು ಫೋನೆತ್ತಿದವಳು ಇವಳೊಬ್ಬಳೇ. ಅಕ್ಷರ ಬಾರದವಳು, ಗುಂಡಿಗಳನ್ನು ಹಿಂದೆಂದೂ ಕಂಡವಳಲ್ಲ.

ಇಷ್ಟೆಲ್ಲ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಈ ಹೆಂಗಸು ಮನುಷ್ಯರ ಮಾತು ತಿಳಿಯದ ಒಂದು ತುಂಡು ಯಂತ್ರದ ಮುಂದೆ ಗಂಡನ ಜೀವ ಬೇಡುತ್ತಿದ್ದಾಳೆ. ಇನ್ನೊಂದು ಗಳಿಗೆಗೆ ಅದು ಎಂಗೇಜ್ ಟೋನ್ ಹಾಕಿ ಅವಳನ್ನು ಬಿಟ್ಟುಬಿಡುತ್ತದೆ. ಮಹಾಂತಪ್ಪನವರನ್ನು ಕೂಗಬೇಕೆಂದು ಬಾಯಿ ತೆರೆದೆ.

ಆಗ ಡಯಲ್ ಟೋನ್ ನಿಂತಿತು.

ಡಯಲ್ ಟೋನ್ ತಾನಾಗಿ ನಿಲ್ಲುವುದಿಲ್ಲ. ಮೊದಲ ಅಂಕಿ ಬಿದ್ದರೆ ನಿಲ್ಲಬೇಕು, ಇಲ್ಲವೆ ಹೊತ್ತು ಮೀರಿ ಎಂಗೇಜ್ ಟೋನ್ ಬರಬೇಕು. ಎರಡೂ ಆಗಲಿಲ್ಲ. ತಂತಿಯೊಳಗೆ ಪೂರಾ ಮೌನ. ಆ ಮೌನದಲ್ಲಿ ಮಾಳವ್ವ ಅಳು ನಿಲ್ಲಿಸಿದಳು. ಯಾರೋ ಮಾತಾಡುವುದನ್ನು ಕೇಳಿಸಿಕೊಳ್ಳುವವರು ಹೇಗೆ ಉಸಿರು ಬಿಗಿಹಿಡಿಯುತ್ತಾರೋ ಹಾಗೆ. ಆಮೇಲೆ ಅವಳೇ ಹೇಳಿದಳು.

“ಹೂನ್ರಿ... ತೊಡಿ ಮ್ಯಾಲ ಬಿದ್ದೈತ್ರಿ.”

ಮತ್ತೆ ಮೌನ.

“ಮಾತಾಡಾಕ ಹತ್ಯಾರ್ರಿ. ರಗತ ಭಾಳ ಹೋಗಾಕತ್ತೈತ್ರಿ.”

ಮತ್ತೆ ಮೌನ. ಈ ಸಲ ಉದ್ದಕ್ಕೆ.

“ಹೂನ್ರಿ ಅಕ್ಕಾರ. ಅಳೂದಿಲ್ರಿ. ಹಿಡಕೊಂಡಿರ್ತೇನ್ರಿ.”

ನಾನು ಇಯರ್‌ಪೀಸನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಅವಳ ಮಾತು ಅಷ್ಟೇ ಕೇಳುತ್ತಿತ್ತು. ನಡುನಡುವೆ ಅವಳು ಯಾರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಳೋ ಅವರ ದನಿ ಇಲ್ಲ. ಪಿಸುಮಾತೂ ಇಲ್ಲ, ತಂತಿಯ ಗೊರಗೊರವೂ ಇಲ್ಲ. ನೂರಾರು ಲೈನುಗಳ ಮೇಲೆ ಕಿವಿಯಿಟ್ಟವನು ನಾನು, ಅಷ್ಟು ಸ್ವಚ್ಛವಾದ ಮೌನವನ್ನು ಯಾವ ತಂತಿಯಲ್ಲೂ ಕೇಳಿಲ್ಲ. ಹೆದರಿಕೆ ಎನ್ನಲಾರೆ. ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ಹೊಕ್ಕೆನೇನೋ ಅನಿಸಿತು.

ಅಷ್ಟರಲ್ಲಿ ಡಬ್ಬಿಯ ಮೇಲೆ ಅಂಕಿ ಮೂಡಿತು. ಸೊನ್ನೆ. ಹೊರಗಿನ ಲೈನು ಬೇಕೆಂದರೆ ಮೊದಲು ಒತ್ತುವ ಅಂಕಿ ಅದು. ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಮತ್ತೊಂದು. ಅವಸರವಿಲ್ಲ, ತಡವೂ ಇಲ್ಲ, ದಿನಾ ಇದೇ ಕೆಲಸ ಮಾಡಿದ ಕೈ ಒತ್ತುವ ಹಾಗೆ, ಊರಿನ ನಂಬರೊಂದು ಒಂದೊಂದೇ ಅಂಕಿಯಾಗಿ ಮೂಡಿ ಮುಗಿಯಿತು. ಇಯರ್‌ಪೀಸಿನಲ್ಲಿ ಒಂದು ಗುಂಡಿಯ ನಾದವೂ ಕೇಳಲಿಲ್ಲ. ಬರೀ ಮಾಳವ್ವನ ಉಸಿರು. ನಾದವಿಲ್ಲದೆ ಆ ಯಂತ್ರಕ್ಕೆ ಅಂಕಿ ಹೇಗೆ ಸಿಕ್ಕಿತು ಎಂದು ಯೋಚಿಸುವಷ್ಟರಲ್ಲಿ ಆ ಕಡೆ ಗಂಟೆ ಹೊಡೆಯತೊಡಗಿತ್ತು.

ಗಂಡಸೊಬ್ಬ ಎತ್ತಿ ಅಂಗಡಿಯ ಹೆಸರು ಹೇಳಿದ. ಸೀರೆಯ ಅಂಗಡಿ. ಮಾಳವ್ವ, “ಡಾಕ್ಟರ್ ಸಾಹೇಬ್ರಿಗೆ ಕೊಡ್ರಿ” ಎಂದಳು. “ಏ ಡಾಕ್ಟರ, ನಿಮಗ ಬಂದೈತಿ ನೋಡ್ರಿ” ಎಂದು ಅವನು ಕೂಗಿದ. ಡಾಕ್ಟರು ಬಂದರು. ಅಲ್ಲಿಂದ ಮುಂದೆ ಎಲ್ಲ ಮನುಷ್ಯರ ಮಾತೇ. ನಾನು ಇಯರ್‌ಪೀಸು ಎಸೆದು ಮಹಾಂತಪ್ಪನವರ ಕೋಣೆಗೆ ಓಡಿದೆ. ಅವರು ಎಂಜಲ ಕೈಯಲ್ಲೇ ಎದ್ದು ಜೀಪಿನ ಡ್ರೈವರನನ್ನು ಎಬ್ಬಿಸಿದರು. ನಾವು ಅಂಗಡಿಯ ಮುಂದೆ ಹೋಗುವಷ್ಟರಲ್ಲಿ ಡಾಕ್ಟರು ಚೀಲ ಹಿಡಿದು ರಸ್ತೆಗೆ ಬಂದು ನಿಂತಿದ್ದರು.

ಕ್ವಾರಿಯಲ್ಲಿ ಕಂಡದ್ದನ್ನು ಬಣ್ಣಿಸುವುದಿಲ್ಲ. ಡಾಕ್ಟರು ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿ, ಸೂಜಿ ಹಾಕಿ, ಜೀಪಿನಲ್ಲಿ ಅಡ್ಡ ಮಲಗಿಸಿ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಕರೆದೊಯ್ದರು. ನಾನೂ ಹೋದೆ. ಮಾಳವ್ವ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಬೀರಪ್ಪ ದೇವರನ್ನು ಕರೆಯುತ್ತಿದ್ದಳು. ಗಂಡನ ಹೆಸರೂ ಅದೇ ಆದ್ದರಿಂದ, ಬಾಯಲ್ಲಿ ಬರಬಾರದ ಹೆಸರು ಬರುತ್ತಿದೆ ಎಂಬ ಎಚ್ಚರವೂ ಅವಳಿಗೆ ಇರಲಿಲ್ಲ. ಸಂಜೆ ನಮ್ಮ ಇಳಕಲ್ಲಿನ ಡಾಕ್ಟರೇ ಹೊರಗೆ ಬಂದು ಜೀವ ಉಳಿಯಿತು ಎಂದರು. ಇನ್ನಷ್ಟು ತಡವಾಗಿದ್ದರೆ ಇವನನ್ನು ಇಲ್ಲಿಗೆ ತರುವ ಕೆಲಸವೇ ಇರುತ್ತಿರಲಿಲ್ಲ ಎಂದೂ ಹೇಳಿದರು.

ಆಮೇಲೆ ಅವರೇ ನನ್ನನ್ನು ಒಂದು ಕಡೆ ಕರೆದರು.

“ನಾ ಆ ಅಂಗಡ್ಯಾಗ ಅದೀನಂತ ನಿಮಗ ಯಾರು ಹೇಳಿದ್ರು?”

ಮಧ್ಯಾಹ್ನ ದವಾಖಾನೆ ಮುಚ್ಚಿ ಅವರು ಗೆಳೆಯನ ಅಂಗಡಿಯ ಒಳಮನೆಗೆ ಹೋಗಿ ಸ್ವಲ್ಪ ಹೊತ್ತು ಕಾಲು ಚಾಚುತ್ತಿದ್ದರಂತೆ. ಮನೆಯಲ್ಲಿದ್ದರೆ ಮಂದಿ ಬಿಡುವುದಿಲ್ಲ. ಕಂಪೌಂಡರನಿಗೂ ಹೇಳಿರಲಿಲ್ಲ. ಹೆಂಡತಿಗೆ ಅನುಮಾನ ಅಷ್ಟೇ ಇತ್ತು. ನಾನು ಕಂಡದ್ದನ್ನು ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

“ನೀಲಕ್ಕಗ ಒಬ್ಬಾಕಿಗೆ ಗೊತ್ತಿತ್ತು” ಎಂದರು. “ಜೀವದ ಪ್ರಶ್ನೆ ಇದ್ರ ಅಷ್ಟ ಅಲ್ಲಿಗೆ ಹಚ್ಚತಿದ್ಲು. ಇಲ್ಲಂದ್ರ, ಡಾಕ್ಟರ್ ಇಲ್ರಿ ಅಂತಿದ್ಲು.”

ನಾನು ಸುಮ್ಮನೆ ಒಪ್ಪಿಕೊಳ್ಳುವ ಗಿರಾಕಿಯಲ್ಲ. ಮರುದಿನ ಇಳಕಲ್ಲಿಗೆ ಬಂದವನೇ ಪೆಟ್ಟಿಗೆಯ ಕರುಳು ಬಗೆದೆ. ಹೆಂಗಸರ ಎತ್ತರದ ದನಿಯನ್ನು ಟೋನ್ ರಿಸೀವರು ಎಂದಾದರೊಮ್ಮೆ ಅಂಕಿ ಎಂದು ತಪ್ಪು ತಿಳಿಯುವುದುಂಟು, ನಮ್ಮ ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ಆದರೆ ಅದು ಒಂದು ಅಂಕಿ, ಅದೂ ಅಪರೂಪಕ್ಕೆ. ಮಾಳವ್ವ ಬಾಯಿ ಮುಚ್ಚಿ ಕಾಯುತ್ತಿದ್ದಾಗ ಒಂದರ ಹಿಂದೊಂದು ಇಷ್ಟು ಅಂಕಿ ಬೀಳುವುದು, ಅವು ಬೇಕಾದ ನಂಬರೇ ಆಗುವುದು, ಇದಕ್ಕೆ ಏನೆನ್ನಬೇಕು? ಆಫೀಸಿನಲ್ಲಿ ಬೇರೆ ಯಾರೋ ಒತ್ತಿದ್ದು ಈ ಲೈನಿಗೆ ಹಾಯ್ದಿರಬಹುದೇ ಎಂದರೆ ಆಗ ಬೇರೆ ಯಾವ ಫೋನಿನ ದೀಪವೂ ಹತ್ತಿರಲಿಲ್ಲ. ಭಯದಲ್ಲಿ ಅವಳ ಕೈ ಗುಂಡಿಗೆ ತಾಗಿರಬಹುದೇ ಎಂದರೆ ಆ ನಾದ ನನಗೆ ಕೇಳಬೇಕಿತ್ತು. ರಿಸೀವರಿನ ಕಾರ್ಡು ಬಿಚ್ಚಿ ನಮ್ಮ ಹುಬ್ಬಳ್ಳಿಯ ವರ್ಕ್‌ಶಾಪಿಗೆ ಒಯ್ದೆ. ಅಲ್ಲಿನ ಹಿರಿಯ ಎಂಜಿನಿಯರು ಪರೀಕ್ಷೆ ಮಾಡಿ ಏನೂ ದೋಷವಿಲ್ಲ ಎಂದರು. ನಾನು ಎಲ್ಲ ಹೇಳಿದಾಗ, “ಬಿಸಲಾಗ ಉಪಾಸ ಕುಂತಿದ್ದೇನು?” ಎಂದು ಕೇಳಿದರು. ಅವರ ಜಾಗದಲ್ಲಿ ನಾನಿದ್ದರೆ ಅದನ್ನೇ ಕೇಳುತ್ತಿದ್ದೆ.

ಕಾರ್ಡು ಮರಳಿ ತಂದು ಹಾಕಿ, ಯಾರಿಗೂ ಹೇಳದೆ ಕ್ವಾರಿಗೆ ಹೋಗಿ, ಆ ಫೋನೆತ್ತಿದೆ. ಗುಂಡಿ ಮುಟ್ಟದೆ, “ಅಕ್ಕಾರ, ಡಾಕ್ಟರ್‌ಗೆ ಹಚ್ಚಿಕೊಡ್ರಿ” ಎಂದೆ. ಗುಂಯ್ ಎನ್ನುವ ಡಯಲ್ ಟೋನು. ಸ್ವಲ್ಪ ಹೊತ್ತಿಗೆ ಎಂಗೇಜ್ ಟೋನು. ನನಗೆ ನಾಚಿಕೆಯಾಗಿ ಫೋನಿಟ್ಟೆ. ಬೇಡುವವನ ಮನಸ್ಸಿನಲ್ಲಿ ಬೇಡಿಕೆ ಇರಲಿಲ್ಲ, ಪರೀಕ್ಷೆ ಇತ್ತು. ಅದೂ ಅದಕ್ಕೆ ತಿಳಿಯಿತೋ, ಇಲ್ಲ ತಿಳಿಯಲು ಅಲ್ಲಿ ಯಾರೂ ಇರಲಿಲ್ಲವೋ.

ಬೀರಪ್ಪ ಕೋಲೂರಿ ನಡೆಯುವಂತಾದ ಮೇಲೆ ಒಂದು ದಿನ ಮಾಳವ್ವ ಆಫೀಸಿಗೆ ಬಂದಳು. ನಾನು ಬೇರೇನೋ ದುರಸ್ತಿಗೆ ಬಂದವನು ಅಲ್ಲೇ ಇದ್ದೆ. ಒಳ್ಳೆಯ ಸೀರೆ ಉಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡಿದ್ದಳು. ಕೈಯಲ್ಲಿ ಹೊಸ ಬುಟ್ಟಿ. ಅದರಲ್ಲಿ ಗುಳೇದಗುಡ್ಡದ ಖಣ, ತೆಂಗಿನಕಾಯಿ, ಅಕ್ಕಿ, ಅರಿಷಿಣದ ಕೊಂಬು, ಉತ್ತತ್ತಿ, ಒಂದು ಅಚ್ಚು ಬೆಲ್ಲ. ನೋಡಿದ ಕೂಡಲೇ ಎಲ್ಲರಿಗೂ ತಿಳಿಯಿತು, ಯಾರಿಗೋ ಉಡಿ ತುಂಬಲು ಬಂದಿದ್ದಾಳೆ.

“ಅಕ್ಕಾರ ಎಲ್ಲಿ ಕುಂದರತಾರ್ರಿ?” ಎಂದು ಕೇಳಿದಳು. “ದನಿ ಅಷ್ಟ ಕೇಳೇನ್ರಿ, ಮಾರಿ ನೋಡಿಲ್ಲ.”

ಮಹಾಂತಪ್ಪನವರು ಎದ್ದು ಬಂದರು. ಅವರು ದೊಡ್ಡ ದನಿಯ ಮನುಷ್ಯ, ಆ ದಿನ ಬಹಳ ಮೆತ್ತಗೆ ಮಾತಾಡಿದರು.

“ತಂಗೀ, ನೀಲಕ್ಕ ಚಳಿಗಾಲದಾಗ ತೀರಿಕೊಂಡಾಳವ್ವಾ. ನಿನ್ನ ಗಂಡಗ ಪೆಟ್ಟ ಬೀಳೂದ್ರಕಿಂತ ಮೊದಲ.”

ಅವಳು ಹೆದರಿ ಬುಟ್ಟಿ ಕೆಳಗೆ ಹಾಕುತ್ತಾಳೆ ಎಂದು ನಾನು ಕೈ ಚಾಚಿದ್ದೆ. ಹಾಕಲಿಲ್ಲ. ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಣ್ಣಾರ, ನೀವು ಕಿವಿಗೆ ಹಚ್ಚಿಕೊಂಡು ಕೇಳೀರಂತಲ್ರಿ. ಅಕ್ಕಾರ ‘ಅಳಬ್ಯಾಡ ಮಾಳವ್ವಾ, ಫೋನ ಬಿಡಬ್ಯಾಡ’ ಅಂದಿದ್ದು ಕೇಳಿತಲ್ರಿ?”

ಸುಳ್ಳು ಹೇಳಿ ಹೌದೆನ್ನಬಹುದಿತ್ತು. ಬಾಯಿ ಬರಲಿಲ್ಲ. “ನಿನ್ನ ದನಿ ಅಷ್ಟ ಕೇಳಿತವ್ವಾ” ಎಂದೆ. ಅವಳು ನನ್ನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದಳು. ಒಳ್ಳೆಯ ಊಟ ತಪ್ಪಿಸಿಕೊಂಡವನನ್ನು ನೋಡುವ ಹಾಗೆ.

“ಇರ್ಲಿ ಬಿಡ್ರಿ” ಎಂದಳು. “ಅಕ್ಕಾರು ಕುಂದರತಿದ್ದ ಜಾಗಾ ತೋರಸ್ರಿ. ಅಲ್ಲೇ ಉಡಿ ತುಂಬತೇನಿ.”

ಹಿರಿಯ ಗುಮಾಸ್ತರೊಬ್ಬರು ಮುಂದೆ ಬಂದು ಕೆಮ್ಮಿದರು. ಹೇಳುವುದೋ ಬೇಡವೋ ಎಂದು ತಡವರಿಸಿ ಹೇಳಿದರು. ನೀಲಕ್ಕ ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡವಳು. ಆಮೇಲೆ ಒಬ್ಬಂಟಿಯಾಗಿಯೇ ಬದುಕಿದಳು. ಮುತ್ತೈದೆಗೆ ತುಂಬುವ ಉಡಿ ಅವಳಿಗೆ ಹೇಗೆ ತುಂಬುತ್ತೀ? ಬದುಕಿದ್ದಾಗಲೂ ಯಾರೂ ತುಂಬಿಲ್ಲ.

ಮಾಳವ್ವ ಅವರನ್ನು ನೋಡಿದಳು. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

“ನನ್ನ ಕುಂಕುಮ ಉಳಿಸಿದಾಕಿಗೆ ಕುಂಕುಮ ಇಲ್ಲಂತ ಉಡಿ ತುಂಬಬಾರದೇನ್ರಿ?”

ಮಹಾಂತಪ್ಪನವರು ಅವಳನ್ನು ಬೋರ್ಡಿನ ಕೋಣೆಗೆ ಕರೆದುಕೊಂಡು ಹೋದರು. ಬೋರ್ಡು ಹೋಗಿತ್ತು, ಕುರ್ಚಿ ಹೋಗಿತ್ತು. ಗೋಡೆಗೆ ನನ್ನ ಪೆಟ್ಟಿಗೆ ಒಂದೇ ಇತ್ತು. ಅವಳು ಖಣ ಕೈಯಲ್ಲಿ ಹಿಡಿದು, ಯಾವುದರಲ್ಲಿ ತುಂಬಲಿ ಎಂದು ಸುತ್ತ ನೋಡಿದಳು. ಉಡಿ ತುಂಬುವುದೆಂದರೆ ಎದುರಿನವರು ಸೆರಗು ಒಡ್ಡಬೇಕು. ಆಗ ಮಹಾಂತಪ್ಪನವರು ಹೆಗಲ ಮೇಲಿನ ಬಿಳಿಯ ಶಲ್ಯ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಆ ಪೆಟ್ಟಿಗೆಯ ಮುಂದೆ ನಿಂತು ಸೆರಗಿನ ಹಾಗೆ ಒಡ್ಡಿದರು. ಗಂಡಸು ಉಡಿ ಒಡ್ಡಿದ್ದನ್ನು ನಾನು ಅದೇ ಮೊದಲು ಕಂಡದ್ದು, ಆಮೇಲೆಯೂ ಕಂಡಿಲ್ಲ. ಮಾಳವ್ವ ಖಣ ಇಟ್ಟಳು. ಅಕ್ಕಿ, ಕಾಯಿ, ಬೆಲ್ಲ ಎಲ್ಲವನ್ನೂ ಒಂದೊಂದಾಗಿ ಅದರೊಳಗೆ ಹಾಕುತ್ತ, ಬಾಯೊಳಗೆ ಏನೋ ಹೇಳಿಕೊಳ್ಳುತ್ತಿದ್ದಳು. ಮಹಾಂತಪ್ಪನವರ ಕಣ್ಣಲ್ಲಿ ನೀರಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಪಕ್ಕದಲ್ಲಿ ಆ ಹಿರಿಯ ಗುಮಾಸ್ತರು ಚಪ್ಪಲಿ ಕಳಚಿದರು. ನಾನೂ ಕಳಚಿದೆ.

ಉಡಿ ತುಂಬಿ ಮುಗಿದ ಮೇಲೆ ಮಾಳವ್ವ ಬಗ್ಗಿ ನೆಲ ಮುಟ್ಟಿ ನಮಸ್ಕರಿಸಿದಳು. ಎದ್ದವಳು ಹಾಗೆಯೇ ನಿಂತು, ತಲೆ ಸ್ವಲ್ಪ ಒಂದು ಕಡೆ ವಾಲಿಸಿ, ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಆಮೇಲೆ “ಹೂನ್ರಿ ಅಕ್ಕಾರ” ಎಂದು ನಕ್ಕು, ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು.

ಕೋಣೆಯಲ್ಲಿ ನಾವು ಮೂವರು ಗಂಡಸರಿದ್ದೆವು. ನಮಗೆ ಯಾರಿಗೂ ಏನೂ ಕೇಳಲಿಲ್ಲ.